ಹೊಂಗೆ ಉರಿಸದ ಮನೆ

ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ಆಮೇಲೆ ಅಸಲು ಮಾತಿಗೆ ಬಂದರು. ಹುಡುಗನ ದೊಡ್ಡಪ್ಪ ವೀಳ್ಯದೆಲೆಗೆ ಸುಣ್ಣ ಸವರುತ್ತಾ, "ನಮ್ದು ಹೊಳೆ ಮಾರಮ್ಮನ ಒಕ್ಕಲು ಕಣ್ರೀ. ನಿಮ್ ಮನೆದೇವ್ರು ಯಾವ್ದು?" ಎಂದರು. ಅಪ್ಪನಿಗೆ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು ಇದು. ಪಿರಿಯಾಪಟ್ಟಣದ ಪಕ್ಕದ ನಮ್ಮ ಹಳ್ಳಿಗೆ ತಾತ ಬಂದದ್ದು ಚಿಕ್ಕ ಹುಡುಗನಾಗಿದ್ದಾಗ. ಕೆ.ಆರ್. ನಗರದ ಕಡೆಯ ಅವನ ಊರು ಕನ್ನಂಬಾಡಿ ಕಟ್ಟೆಯ ನೀರಿಗೆ ಮುಳುಗಿತ್ತು. ಆಶ್ರಯ ಕೊಟ್ಟವರೇ ಅವನಿಗೆ ಹೆಣ್ಣನ್ನೂ ಕೊಟ್ಟರು. ಅಪ್ಪ ಅಕ್ಕನ ಮಗಳನ್ನೇ ಮದುವೆಯಾದರು. ಹಾಗಾಗಿ ಮನೆದೇವರು ಯಾವುದೆಂದು ಯಾರೂ ನಮ್ಮನ್ನು ಕೇಳಿಯೇ ಇರಲಿಲ್ಲ.

"ನಮ್ಮನೇಲಿ ಹೊಂಗೆ ಸೌದೆ ಒಲೆಗೆ ಇಕ್ಕಲ್ಲ. ಅಷ್ಟೇ ಗೊತ್ತಿರಾದು," ಎಂದರು ಅಪ್ಪ.

"ನಮ್ಮಲ್ಲಿ ಅಂಥದ್ದೇನೂ ಇಲ್ಲ. ಆದ್ರೂ ತಿಳ್ಕಂಡು ಯೋಳಿ. ಒಂದೇ ಒಕ್ಕಲಾದ್ರೆ ಅಣ್ಣ ತಂಗಿ ಆಯ್ತಾರೆ," ಎಂದು ದೊಡ್ಡಪ್ಪ ಎದ್ದರು.

ಹುಡುಗ ನನಗೆ ಹಿಡಿಸಿದ್ದ. ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ. ಅವನು ಕಾಡಂಚಿನ ಕೋಟೆ ತಾಲೂಕಿನ ಹ್ಯಾಂಡ್‌ಪೋಸ್ಟ್‌ನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಹುಣಸೂರಿನ ನನ್ನ ಟೀಚರ್ ಕೆಲಸ ಬಿಡಿಸುವ ಮಾತೆತ್ತದ ಮೊದಲ ಗಂಡು ಅವನೇ. ಅವನನ್ನು ಬಿಟ್ಟುಕೊಡುವ ಯೋಚನೆ ನನಗಿರಲಿಲ್ಲ. ಮನೆಯಲ್ಲಿ ಗಂಡುಮಕ್ಕಳಿಲ್ಲ, ಅಪ್ಪನಿಗೆ ಮಂಡಿನೋವು. ಹುಡುಕುವುದಕ್ಕೆ ನಾನೇ ಹೊರಟೆ.

ಕೈಯಲ್ಲಿದ್ದ ಗುರುತು ಹೊಂಗೆಯೊಂದೇ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗೆ ಸೌದೆ ಸಾಲದೆ ಪರದಾಡುವಾಗಲೂ ಅಪ್ಪ ಹೊಂಗೆ ಕಡಿಸಿದವರಲ್ಲ. ಹುಡುಗನ ಮನೆಯಲ್ಲಿ ಆ ಕಟ್ಟಳೆ ಇಲ್ಲ ಎಂದಮೇಲೆ ಒಕ್ಕಲು ಬೇರೆಯೇ ಇರಬೇಕೆಂದು ನನಗೆ ಧೈರ್ಯ. ಭಾನುವಾರ ಬಂದರೆ ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದ ಬಸ್ಸು ಹತ್ತುತ್ತಿದ್ದೆ. ಮುಳುಗಡೆಯವರು ಬಂದು ನೆಲೆಸಿದ ಹಳ್ಳಿಗಳಲ್ಲಿ ಮನೆಮನೆಯ ಸೌದೆ ಗುಡ್ಡೆ ನೋಡುತ್ತಾ ತಿರುಗಿದೆ. ಒಬ್ಬಳು ನನ್ನನ್ನು ಫಾರೆಸ್ಟಿನವಳೆಂದುಕೊಂಡು ದಡಾರನೆ ಬಾಗಿಲು ಹಾಕಿಕೊಂಡಳು.

ಆರನೆಯ ಭಾನುವಾರ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬಳು ತಾನೇ ಕೇಳಿದಳು. "ಯಾಕವ್ವಾ, ನಮ್ ಸೌದೆ ಮ್ಯಾಲೆ ಕಣ್ಣು?"

"ಹೊಂಗೆ ಇದೆಯಾ ಅಂತ ನೋಡ್ತಿದ್ದೆ ಅಜ್ಜಿ."

"ಒಂಗೆಯಾ? ಅದ್ನ ನಾವು ಒಲೆಗಿಕ್ಕಾಕಿಲ್ಲ ಕಣವ್ವಾ."

ನಾನು ಅಲ್ಲೇ ಜಗಲಿಯ ಮೇಲೆ ಕೂತೆ. ತಾತನ ಹೆಸರು ಹೇಳಿದೆ. ಅಜ್ಜಿ ಕಾಯಿ ಕೆಳಗಿಟ್ಟು ನನ್ನ ಗಲ್ಲ ಹಿಡಿದಳು. "ನೀರು ಬಂದಾಗ ಮೂರು ದಿಕ್ಕಾದೊ. ನಾವು ಇಲ್ಲೇ ಉಳ್ಕಂಡೊ. ನಿಮ್ ತಾತ ಪಿರಿಯಾಪಟ್ಣದ ಕಡೀಕೋದ. ಅವನ ದೊಡ್ಡಣ್ಣ ಕೋಟೆ ಕಡೀಕೋದ. ನೀ ನಮ್ಮೋಳೇ ಕಣವ್ವಾ."

"ಮನೆದೇವರು ಯಾವುದು ಅಜ್ಜಿ?"

"ಇನ್ಯಾವ್ದು? ಒಳೆ ಮಾರಮ್ಮ."

ಕೋಟೆಯ ಕಾಡಂಚಿಗೆ ಹೋದ ಹುಡುಗನ ಮನೆಯವರು ದೇವರ ಹೆಸರು ಉಳಿಸಿಕೊಂಡು ಹೊಂಗೆಯನ್ನು ಮರೆತಿದ್ದರು. ನಾವು ಹೊಂಗೆ ಉಳಿಸಿಕೊಂಡು ದೇವರನ್ನು ಮರೆತಿದ್ದೆವು. ಅಜ್ಜಿ ಬಿಸಿಬಿಸಿ ಮುದ್ದೆ ಬಡಿಸಿದಳು. ಮೂರು ತಲೆಮಾರಿನ ಮೇಲೆ ಸಿಕ್ಕ ಬಂಧುವಿನ ಮನೆಯ ಅನ್ನ ಅದು, ನನಗೆ ವಿಷದಂತಿತ್ತು.

ಮನೆಗೆ ಬಂದು ಹೇಳಿದಾಗ ಅಮ್ಮ ಹಣೆ ಚಚ್ಚಿಕೊಂಡಳು. "ಇರನಾರ್ದೆ ಇರುವೆ ಬುಟ್ಕಂಡೆ ಕಣೇ. ಸಿಕ್ನಿಲ್ಲ ಅಂತ ಯೋಳ್ಬುಡು, ಯಾರಿಗ್ ಗೊತ್ತಾಯ್ತದೆ?"

ನನಗೆ ಗೊತ್ತಿತ್ತಲ್ಲ. ಹೇಳದೆ ಅವನ ಜೊತೆ ಬಾಳುವುದು ನನ್ನಿಂದ ಆಗುತ್ತಿರಲಿಲ್ಲ. ಮರುದಿನವೇ ಹ್ಯಾಂಡ್‌ಪೋಸ್ಟ್‌ಗೆ ಹೋಗಿ, ಅಂಗಡಿಯ ಮುಂದೆ ನಿಂತು ಅವನಿಗೇ ಹೇಳಿದೆ. ಅವನು ಕೈಯ ಗ್ರೀಸು ಒರೆಸಿಕೊಂಡು ಸ್ಟೂಲು ಎಳೆದು ಹಾಕಿದ. ಟೀ ತರಿಸಿದ. ನಾನು ಕುಡಿಯದೆ ಬಂದೆ. ಹುಣಸೂರು ಮುಟ್ಟುವವರೆಗೂ ಬಸ್ಸಿನಲ್ಲಿ ಅತ್ತೆ, ಯಾರು ನೋಡಿದರೂ ನೋಡಲಿ ಎಂದು.

ಎರಡು ವರ್ಷದ ಮೇಲೆ ಹುಣಸೂರಿನಲ್ಲೇ ಬೇರೆ ಮನೆಗೆ ಸೊಸೆಯಾಗಿ ಹೋದೆ. ಒಳ್ಳೆಯ ಗಂಡ, ನನ್ನದೇನೂ ದೂರಿಲ್ಲ. ಮೊದಲ ಗೌರಿ ಹಬ್ಬದ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹ್ಯಾಂಡ್‌ಪೋಸ್ಟ್‌ನ ಆ ಹುಡುಗ ನಿಂತಿದ್ದ. ಕೈಯಲ್ಲಿ ಬಾಗಿನದ ಮೊರ, ಅದರಲ್ಲಿ ಹಸಿರು ಬಳೆ, ರವಿಕೆ ಕಣ. ಮದುವೆಯಾದ ಹೆಣ್ಣಿಗೆ ತವರಿನ ಅಣ್ಣತಮ್ಮಂದಿರು ತರುವಂಥದ್ದು.

"ತಕೋ ತಂಗಿ," ಎಂದ. ಕಣ್ಣು ಮಾತ್ರ ನೆಲದ ಮೇಲಿತ್ತು.

ನಾನು ಸೆರಗೊಡ್ಡಿ ಬಾಗಿನ ಹಿಡಿದೆ. "ಬಾ ಅಣ್ಣ," ಎಂದೆ, "ಒಳಗೆ ಬಾ."