ಎದುರುಮನೆ ಅಮ್ಮನ ಗೋಣಿಮರ

ಹೋದ ತಿಂಗಳು ಕೊಬ್ಬರಿ ಮಾರಲು ಗಂಡನ ಜೊತೆ ಅರಸೀಕೆರೆಗೆ ಹೋಗಿದ್ದೆ. ವಾಪಸ್ಸು ಬರುವಾಗ ಬಸ್ಸಿಗೆ ಕಾಯುತ್ತಾ ಒಂದು ದೊಡ್ಡ ಮರದ ಕೆಳಗೆ ನಿಂತೆವು. ಆಗ ಆ ವಾಸನೆ ಬಂತು. ಕೊಳೆತ ಹಣ್ಣು, ಒದ್ದೆ ಕಂಬಳಿಯ ಮುಗ್ಗಲು, ಅದರ ಜೊತೆಗೆ ಒಂಥರಾ ಘಾಟು... ಮೇಲೆ ಬಾವಲಿಗಳಿವೆ ಎಂದು ತಲೆಯೆತ್ತದೆಯೇ ತಿಳಿಯಿತು. ಗಂಡನಿಗೂ ತಿಳಿದಿರಬೇಕು. ಇಬ್ಬರೂ ಬಿಸಿಲಿಗೆ ಸರಿದು ನಿಂತೆವು.

ಮಾದಿಹಳ್ಳಿಯಲ್ಲಿ ನಮ್ಮ ಎದುರುಮನೆ ಅಮ್ಮನ ಹಿತ್ತಲಿನಲ್ಲಿ ಇದೇ ವಾಸನೆ ಇರುತ್ತಿತ್ತು. ಹಿತ್ತಲಿನ ಕೊನೆಗೆ, ರಸ್ತೆಗೆ ಬಾಗಿದ ಗೋಣಿಮರ. ಅದರ ತುಂಬ ಬಾವಲಿಗಳು ಹಗಲೆಲ್ಲ ತಲೆಕೆಳಗಾಗಿ ಜೋತುಬಿದ್ದು ಜಗಳವಾಡುತ್ತಿದ್ದವು. ಅಮ್ಮ ಜೈನರು. ಗೋಣಿ, ಆಲ, ಅತ್ತಿ ಹಣ್ಣುಗಳಲ್ಲಿ ಹುಳುಗಳ ಜೀವ ಇರುತ್ತದೆಂದು ಅವರ ಮನೆಯಲ್ಲಿ ತಿನ್ನುವುದಿಲ್ಲ. ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಅವರು ಉಂಡು ಕೈತೊಳೆದು ಜಗುಲಿಗೆ ಬರುವ ಹೊತ್ತಿಗೆ ಬಾವಲಿಗಳು ಮರ ಬಿಟ್ಟು ಏಳುತ್ತಿದ್ದವು. "ನಂದು ಮೊದಲ್ನೇ ಪಂಕ್ತಿ ಆಯ್ತು ಕಣಮ್ಮ, ಈಗ ಅವುಗಳದ್ದು" ಎಂದು ನಗುತ್ತಿದ್ದರು.

ಹಾಗಂತ ಅವುಗಳನ್ನು ಮುದ್ದು ಮಾಡಿದವರಲ್ಲ. ಬಾವಲಿ ಕಚ್ಚಿ ಬೀಳಿಸಿದ ಸೀಬೆಹಣ್ಣು ಸಿಹಿ ಎಂದು ಮಕ್ಕಳು ಆಯ್ದರೆ "ಎಂಜಲು ಕಣ್ರೋ, ಬಿಸಾಕ್ರೋ" ಎಂದು ಕೋಲು ಹಿಡಿದೇ ಬರುತ್ತಿದ್ದರು.

ಭಾದ್ರಪದದಲ್ಲಿ ಅವರ ಪರ್ವ ಮುಗಿದ ಮೇಲೆ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಎಲ್ಲರನ್ನೂ ಕೇಳುವ ದಿನವೊಂದಿದೆ. ಹೆಚ್ಚಿನವರು ತಮ್ಮವರನ್ನು ಕೇಳಿ ಮುಗಿಸುತ್ತಾರೆ. ಅಮ್ಮ ಮಾತ್ರ ನಮ್ಮ ಬೀದಿಯ ಪ್ರತಿ ಬಾಗಿಲಿಗೂ ಬಂದು ಕೈಮುಗಿಯುತ್ತಿದ್ದರು. ಒಮ್ಮೆ ನಮ್ಮ ಹಸುವಿಗೂ ಮುಗಿದರು.

ಕೇರಳದ ನಿಫಾ ಸುದ್ದಿ ಟೀವಿಯಲ್ಲಿ ದಿನವೂ ಬರುತ್ತಿದ್ದ ಒಂದು ವರ್ಷ, ಗದ್ದೆಯಿಂದ ಬಂದ ನನ್ನ ಗಂಡ ಜ್ವರವೆಂದು ಮಲಗಿದರು. ಮಾತು ತಡವರಿಸತೊಡಗಿತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಊರಲ್ಲಿ ಬಾವಲಿ ಜ್ವರ ಎಂದು ಗುಲ್ಲೆದ್ದಿತು. ಡೈರಿಯಲ್ಲಿ ನಮ್ಮ ಮನೆಯ ಹಾಲು ಬೇಡವೆಂದರು. ಅತ್ತೆ ಫೋನಿನಲ್ಲಿ ಅತ್ತರು.

ಅದೇ ವಾರ ಆ ಕ್ಷಮೆ ಕೇಳುವ ದಿನ ಬಂತು. ಎಂದಿನಂತೆ ಅಮ್ಮ ನಮ್ಮ ಬಾಗಿಲಿಗೆ ಹೋಗಿ ಕೈಮುಗಿದಿದ್ದಾರೆ. ಸಂಜೆ ಅತ್ತೆಯ ಫೋನು.

"ಎದುರುಮನೆಯೋಳು ಬಂದು ತಪ್ಪೊಪ್ಕೊಂಡ್ಲು ಕಣೇ! ಅವ್ಳ ಮರದ್ದೇ ಕಾಯಿಲೆ ಅಂತ ಅವ್ಳಿಗೇ ಗೊತ್ತೈತೆ. ಬೀದಿಗೆಲ್ಲ ಹೇಳಿದೀನಿ."

ಅದು ವರ್ಷವರ್ಷವೂ ಮುಗಿಯುವ ಕೈ ಎಂದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಆದರೂ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸದ್ಯ, ಕಳಂಕ ನಮ್ಮ ಮನೆ ಬಿಟ್ಟು ರಸ್ತೆಯ ಆಚೆಗೆ ಹೋಯಿತಲ್ಲ ಎಂದು ಉಸಿರು ಬಿಟ್ಟೆ. ಈಗಲೂ ಆ ಉಸಿರು ನೆನಪಾದರೆ...

ಮಾರನೆಯ ದಿನ ಊರಿನವರು ಮರದ ಕೆಳಗೆ ಟೈರು ಸುಟ್ಟು ಹೊಗೆ ಹಾಕಿದರು, ಪಟಾಕಿ ಹೊಡೆದರು, ಆಮೇಲೆ ಕೊಂಬೆಗಳನ್ನೆಲ್ಲ ಕೊಯ್ದರು. ಅಮ್ಮ ಅಡ್ಡ ನಿಂತು, "ಪ್ರತಿವರ್ಷ ಕೇಳ್ತೀನಲ್ರಪ್ಪ, ಇದೇನು ಹೊಸದೇ?" ಎಂದರಂತೆ. ಗುಂಪಿನಲ್ಲಿ ಒಬ್ಬ, "ಹಂಗಾರೆ ಪ್ರತಿವರ್ಷವೂ ತಪ್ಪು ಮಾಡಿದೀರಿ ಅಂತಾಯ್ತು, ಪಕ್ಕಕ್ಕೆ ಸರೀರಿ ಅಮ್ಮ" ಎಂದನಂತೆ. ಎಲ್ಲರೂ ನಕ್ಕರಂತೆ. ಇದನ್ನು ನನಗೆ ಹೇಳಿದವರೂ ನಗುತ್ತಲೇ ಹೇಳಿದರು.

ರಕ್ತಪರೀಕ್ಷೆಯಲ್ಲಿ ಬಂದದ್ದು ಇಲಿ ಜ್ವರ. ಗದ್ದೆಯ ಕೆಸರಿನಿಂದ, ಕಾಲಿನ ಗಾಯದಿಂದ ಬಂದದ್ದು. ಮರದ ವಿಷಯ ಕೇಳಿ ಡಾಕ್ಟರು ತಲೆ ಚಚ್ಚಿಕೊಂಡರು. "ಓಡ್ಸಿದ್ರಾ? ಕೆಡಿಸಿದ್ರಿ. ಒಂದು ಮರದಲ್ಲಿದ್ದವು ಈಗ ನಿಮ್ಮ ಮನೆಮನೆಗೂ ಬರ್ತವೆ. ಅವುಗಳಲ್ಲಿ ವೈರಸ್ ಇದ್ರೆ, ಹಿಂಗೆ ಹೆದರಿಸಿದಾಗ್ಲೇ ಜಾಸ್ತಿ ಹರಡೋದು."

ಹಾಗೇ ಆಯಿತು. ನಮ್ಮ ಸಪೋಟ ಮರಕ್ಕೆ, ಬಾವಿಕಟ್ಟೆಯ ಸೀಬೆಗಿಡಕ್ಕೆ, ಕೊಟ್ಟಿಗೆಯ ಮೇಲೆ ಬಾಗಿದ ಮಾವಿಗೆ ಬಂದವು. ಬೆಳಗಾದರೆ ಅತ್ತೆ ಕಚ್ಚಿದ ಹಣ್ಣುಗಳನ್ನು ಗುಡಿಸಿ ಗುಂಡಿಗೆ ಹಾಕುತ್ತಿದ್ದರು. ಇಲಿ ಜ್ವರದ ವಿಷಯವನ್ನು ಮಾತ್ರ ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಮುಂದಿನ ವರ್ಷ ಅಮ್ಮ ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಬಂದರು. ಸ್ವಲ್ಪ ತಡವಾಗಿ, ದೀಪ ಹಚ್ಚುವ ಹೊತ್ತಿಗೆ. ಅದೇ ಮಾತು, ಅದೇ ಮುಗಿದ ಕೈ. ನನ್ನ ಗಂಡ ಒಳಗಿನಿಂದ ಬಂದು, "ನಾವು ಕೇಳ್ಬೇಕಿತ್ತು ಅಮ್ಮ..." ಎಂದು ಶುರುಮಾಡಿದರು. ಅತ್ತೆ ನಡುವೆ ಬಾಯಿ ಹಾಕಿ "ಕಾಫಿ ಕುಡೀರಿ" ಎಂದರು.

"ಹೊತ್ತು ಮುಳುಗ್ತಲ್ಲ" ಎಂದು ಅಮ್ಮ ಪಕ್ಕದ ಮನೆಗೆ ನಡೆದರು. ಗಂಡನ ಮಾತು ಅಲ್ಲಿಗೇ ನಿಂತಿತು.

ಮತ್ತೆ ಅದನ್ನು ಮುಗಿಸಲು ಆಗಲಿಲ್ಲ. ಆ ಚಳಿಗಾಲದಲ್ಲಿ ಅಮ್ಮ ತೀರಿಕೊಂಡರು. ಅವರ ಸೊಸೆ ಕ್ಷಮೆ ಕೇಳುವ ದಿನ ಹಳೇಬೀಡಿನ ಬಸದಿಗೆ ಹೋಗುತ್ತಾಳೆ, ತಮ್ಮವರ ಮನೆಗಳಿಗೆ ಹೋಗುತ್ತಾಳೆ. ನಮ್ಮ ಬೀದಿಯ ಬಾಗಿಲುಗಳಿಗೆ ಬರುವುದಿಲ್ಲ. ಯಾಕೆ ಎಂದು ಕೇಳುವ ಮುಖ ನಮಗಿಲ್ಲ.

ಮೊನ್ನೆ ಆ ದಿನ ಬಂದಾಗ ನಾನೇ ರಸ್ತೆ ದಾಟಿ ಹೋದೆ. ಹೇಳಬೇಕಾದ ಮಾತನ್ನು ಬೆಳಗಿನಿಂದ ಕೂಡಿಸಿಕೊಂಡಿದ್ದೆ. ಬಾಗಿಲಲ್ಲಿ ಕೈ ಮಾತ್ರ ಮುಗಿದೆ. ಸೊಸೆ ಹೊಸಿಲಿಗೆ ಬಂದಳು.

"ನಮ್ಮತ್ತೆ ಇದ್ದಾಗ ಬರ್ಬೇಕಿತ್ತು ಅಕ್ಕ" ಎಂದಳು. ಸಿಟ್ಟೇನೂ ಇರಲಿಲ್ಲ. ಒಳಗೆ ಕರೆದು ಕೂರಿಸಿ ನೀರು ತಂದುಕೊಟ್ಟಳು. ಬೇಡವೆನ್ನಲಾಗದೆ ಕುಡಿದೆ.