ಜಿಂಕೆ ನೆಕ್ಕಿದ ಒಲೆ

ಆನೆ ತೋರಿಸುತ್ತೇನೆಂದು ಮಗ ನನ್ನನ್ನೂ ಮೊಮ್ಮಕ್ಕಳನ್ನೂ ಎಚ್.ಡಿ. ಕೋಟೆಯ ಕಾಡಿಗೆ ಜೀಪಿನಲ್ಲಿ ಕರೆತಂದ. ಆನೆ ಕಾಣಲಿಲ್ಲ. ದಾರಿ ತೋರಿಸುತ್ತಿದ್ದ ಜೇನುಕುರುಬರ ಮಾದ ಒಂದು ಬಯಲಲ್ಲಿ ಜೀಪು ನಿಲ್ಲಿಸಲು ಹೇಳಿದ. ಅಲ್ಲಿ ಮೂರು ಕಲ್ಲಿನ ಒಲೆಯ ಬೂದಿಯನ್ನು ಜಿಂಕೆಗಳು ನೆಕ್ಕುತ್ತಿದ್ದವು. ಉಪ್ಪಿನಾಸೆಗೆ ಬೂದಿ ನೆಕ್ಕುತ್ತವಂತೆ, ನನಗೆ ಗೊತ್ತಿರಲಿಲ್ಲ.

"ಯಾರ್ದಪ್ಪ ಒಲೆ?" ಅಂದೆ.

"ನಮ್ದೇ ಕಣವ್ವ. ಕಾಡು ಪ್ರಾಣಿಗೇ ಬೇಕು ಅಂತ ಫಾರೆಸ್ಟ್ನೋರು ಓದ ತಿಂಗ್ಳು ಗುಡ್ಲು ಕಿತ್ತಾಕುದ್ರು. ನಮ್ಮವ್ವನ ರಾಗಿಕಲ್ಲು ಅಲ್ಲೇ ಅದೆ. ಎತ್ಕಳಕ್ಕೆ ಬುಡ್ತಿಲ್ಲ."

"ಎತ್ತಿ ಜೀಪ್ಗಾಕು."

"ಸುಮ್ಕಿರವ್ವ, ಕೇಸಾಯ್ತದೆ," ಎಂದು ಮಗ ಗದರಿದ.

ಯಾರೂ ಇಳಿಯಲಿಲ್ಲ. ಚಿಕ್ಕ ಮೊಮ್ಮಗಳು ಜಿಂಕೆ ಕಂಡು ಚಪ್ಪಾಳೆ ತಟ್ಟಿದಳು. ಮಾದ ಮೆಲ್ಲಗೆ ಅವಳ ಕೈ ಹಿಡಿದ.

"ಸದ್ದು ಮಾಡ್ಬ್ಯಾಡ ಕಣವ್ವ, ಎದ್ರಿ ಓಡೋಯ್ತವೆ."