ಸಮುದ್ರ ನೋಡಲು ಎರಡು ಟಿಕೀಟು

ಗೆಳತಿಯರೇ, ವಾಡಿ ಜಂಕ್ಷನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಮಲಾಪುರದ ಶಾಲೆಯ ಹುಡುಗಿಯರಿಗೆ ಪೂರ್ವ ಕರಾವಳಿಯ ಮಚಲಿಬಂದರಿನ ಹಳೆಯ ಕೋಟೆ, ಕಡಲತೀರದ ದೀಪಸ್ತಂಭದ ಪಾಠ ಹೇಳುವಾಗ ಒಬ್ಬಳು, "ಬಾಯಾರ, ನೀವು ಸಮುದ್ರ ನೋಡೀರೇನ್ರಿ?" ಎಂದು ಕೇಳಿದ್ದಳು. ನೋಡಿಯೇ ಬರುವೆನೆಂದು ಇಂದು ಕಲಬುರ್ಗಿ ಸ್ಟೇಶನ್ನಿಗೆ ಬಂದೆ. ತಡೆಯಲು ಮಾವನವರು ಟಾಂಗಾದಲ್ಲಿ ಹಿಂದೆಯೇ ಬಂದರು.

"ಒಬ್ಬಾಕಿನೇ ಹೋದ್ರ ಮಂದಿ ಏನಂತಾರ?"

"ಏನರೆ ಅನ್ಲಿ ಮಾವಾರ. ನೋಡಲಾರದ್ದನ್ನ ಇನ್ನ ನಾ ಕಲಿಸಂಗಿಲ್ಲ."

ಟಿಕೀಟಿನ ಗುಮಾಸ್ತ, "ಗಂಡಸರು ಜೊತಿಗಿಲ್ದ ಕೊಡಂಗಿಲ್ರಿ" ಎಂದ. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದೆ ಸಾಲು ಬೆಳೆಯಿತು, ರೈಲು ಬಂದು ನಿಂತಿತು. ಕೊನೆಗೆ ಮಾವನವರೇ, "ಎರಡು ಕೊಡಪಾ" ಎಂದರು.

ಈಗ ಅವರು ಪಕ್ಕದವರಿಗೆ, "ಸೊಸಿಗಿ ಸಮುದ್ರ ತೋರಸ್ಲಾಕ ಕರಕೊಂಡು ಹೊಂಟೀನ್ರಿ" ಎಂದು ಹೇಳುತ್ತಿದ್ದಾರೆ. ಮಚಲಿಬಂದರ ಮುಟ್ಟುವವರೆಗೆ ನಾನು ಅಲ್ಲವೆನ್ನುವುದಿಲ್ಲ.